ಅಜ್ಜೀಪುರದ ಹಂದಿಮೀನು

ಹನೂರು ತಾಲ್ಲೂಕಿನಲ್ಲಿ ಸಮುದ್ರವಿಲ್ಲ. ಈ ಸಣ್ಣ ಕೊರತೆಯ ನಡುವೆಯೂ ಡಾಲ್ಫಿನ್‌ಗಳ ಆರೋಗ್ಯದಲ್ಲಿ ತಾಲ್ಲೂಕು ಮೊದಲ ಸ್ಥಾನ ಪಡೆದಿರುತ್ತದೆ.

ಇದರ ಶ್ರೇಯಸ್ಸು ದನದ ಡಾಕ್ಟರ್ ವೆಂಕಟಸ್ವಾಮಿಯವರದು. ಜಲಚರ ರೋಗ ನಿಗಾ ಮಂಡಳಿಯವರು ‘ನಿಮ್ಮಲ್ಲಿ ಕಾಡು ಹಂದಿಮೀನುಗಳಿಗೆ ಚರ್ಮರೋಗ ಉಂಟೇ?’ ಎಂದು ಕೇಳಿದ್ದರು. ಹಂದಿಮೀನೆಂದರೆ ಡಾಲ್ಫಿನ್. ಡಾಕ್ಟರು ಟೀ ಹೀರುತ್ತ ‘ಕಾಡುಹಂದಿ, ಮೀನು’ ಎಂದು ಓದಿಕೊಂಡು, ‘ಹೇರಳವಾಗಿವೆ. ಜೋಳದ ಹೊಲಕ್ಕೆ ನುಗ್ಗುತ್ತವೆ. ಮೈತುಂಬ ಕಜ್ಜಿ’ ಎಂದು ಉತ್ತರಿಸಿದರು. ಅವರದು ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮನೆತನ. “ಒಂದೆಳೆ ತಪ್ಪಿದರೂ ಹಿಡಿಯೋ ವಂಶ ನಮ್ಮದು. ಆ ಕಣ್ಣೆಲ್ಲ ನನ್ನ ತಮ್ಮನ ಪಾಲಿಗೆ ಹೋಯ್ತು” ಎಂದು ಈಗ ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಾರೆ.

ಮಂಡಳಿ ತಡಮಾಡಲಿಲ್ಲ. ಆಸ್ಪತ್ರೆಯನ್ನು ‘ಡಾಲ್ಫಿನ್ ರೋಗಾಣು ನಿಯಂತ್ರಣ ಕೇಂದ್ರ’ವೆಂದು ಘೋಷಿಸಿತು. ದನದ ಔಷಧಿಯ ಸರಬರಾಜು ನಿಂತು, ಅದೇ ಬಾಟಲಿಗಳು ‘ಡಾಲ್ಫಿನ್‌ಗಳಿಗೆ ಮಾತ್ರ’ ಎಂಬ ಚೀಟಿ ಅಂಟಿಸಿಕೊಂಡು ಬಂದವು. ಇಲ್ಲಿ ಸಮುದ್ರವೇ ಇಲ್ಲವೆಂದು ಡಾಕ್ಟರು ಬರೆದರು. ‘ಹೊಲಕ್ಕೆ ನುಗ್ಗುವ ತಳಿಗೆ ಸಮುದ್ರ ಅನಗತ್ಯ’ ಎಂದು ಉತ್ತರ ಬಂತು.

ಅಷ್ಟರಲ್ಲಿ ಅಜ್ಜೀಪುರದ ಚನ್ನಾಜಮ್ಮ ಗಬ್ಬದ ಹಸುವನ್ನು ಹಿಡಿದುಕೊಂಡು ಬಂದಳು.

“ಮೈಯೆಲ್ಲ ಗಂಟೆದ್ದು ಕೀವು ತುಂಬ್ಕಂಡದೆ ಸಾ. ಉಲ್ಲ ಮೂಸೂ ನೋಡಾಕಿಲ್ಲ. ಮನೆಗಿರೋದು ಇದೊಂದೇಯ.”

ಡಾಕ್ಟರು ಹಸುವಿನ ಮೈ ಸವರಿ ನೋಡಿದರು. ಇಂದು ಇಂಜೆಕ್ಷನ್ ಬೀಳದಿದ್ದರೆ ಹಸು ಉಳಿಯುವುದಿಲ್ಲ. ಔಷಧಿ ಕೈಯಲ್ಲೇ ಇದೆ, ಚೀಟಿ ಅಡ್ಡ. ಮಂಡಳಿಯ ಸೌಮ್ಯ ಮೇಡಂಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಅನುಮತಿ ಕೇಳಿದರು.

“ಪ್ರಾಣಿ ಈಜುತ್ತದೆಯೇ?” ಎಂದರು ಮೇಡಂ.

“ಕೆರೇಲಿ ಈಜ್ತದೆ ಕಣವ್ವ.” ಚನ್ನಾಜಮ್ಮ ತಾನೇ ಬಾಯಿ ಹಾಕಿದಳು.

“ಉಸಿರಿಗಾಗಿ ಮೂತಿ ನೀರಿನ ಮೇಲೆತ್ತುತ್ತದೆಯೇ?”

“ಎತ್ತದೆ ಇನ್ನೇನ್ ಮುಳುಗ್ ಸಾಯ್ತದ?”

“ಮರಿ ಹಾಕಿ ಹಾಲೂಡಿಸುತ್ತದೆಯೇ?”

“ಊಡುಸ್ದೆ?”

“ಎಲ್ಲ ಲಕ್ಷಣ ಹೊಂದುತ್ತವೆ. ಡಾಲ್ಫಿನ್ ಎಂದು ದೃಢೀಕರಿಸಿ ಇಂಜೆಕ್ಷನ್ ಕೊಡಿ.”

ಡಾಕ್ಟರು ದೃಢೀಕರಿಸಿ ಕೊಟ್ಟರು. ಹಸು ಉಳಿಯಿತು. ಪಶುವೈದ್ಯಕೀಯ ಓದಿದ್ದೂ ಸಾರ್ಥಕವಾಯಿತೆಂದು ಅವರು ಅಂದು ಕನ್ನಡಿಯ ಮುಂದೆ ನಿಂತು ತಮಗೇ ಕೈಮುಗಿದುಕೊಂಡರು.

ಈಗ ಬೆಳಗಾದರೆ ಸುತ್ತಲ ಊರುಗಳ ದನಗಳಿಗೆ ಕೆರೆಯಲ್ಲಿ ಈಜು ಪರೀಕ್ಷೆ. ಡಾಕ್ಟರು ಪ್ಯಾಂಟು ಮಡಿಚಿ ಸೀಟಿ ಊದುತ್ತ ನಿಂತಿರುತ್ತಾರೆ. ಮೊನ್ನೆ ಚನ್ನಾಜಮ್ಮ ಎಳೆಗರುವನ್ನು ಹಿಡಿದು ತಂದು, ಡಾಕ್ಟರನ್ನು ಪಕ್ಕಕ್ಕೆ ಕರೆದು ಬೇಡಿಕೊಂಡಳು:

“ಕರಕ್ಕೆ ಇನ್ನೂ ನೀರು ಕಂಡ್ರೆ ಎದ್ರಿಕೆ ಸಾ. ಸದ್ಯಕ್ಕೆ ಅಸ ಅಂತ್ಲೇ ಬರ್ಕಳಿ. ಕಾಯ್ಲೆ ಬರೋ ಒತ್ಗೆ ಡಾಲ್ಪಿನ್ ಮಾಡ್ಬುಡ್ತೀನಿ.”