ಕೆಂಡ ಆರುವವರೆಗೆ ಗಂಡಸು

ಆಣೆ ಹಾಕು ಅಕ್ಕ, ಯಾರಿಗೂ ಹೇಳಲ್ಲ ಅಂತ. ಬರೀ ತಲೆ ಆಡಿಸಿದ್ರೆ ಆಗಲ್ಲ. ಮೊನ್ನೆ ಹಂಗೇ ತಲೆ ಆಡಿಸಿದೋಳು ಸಂಜೆಯೊಳಗೆ ಕಂಪಾಲಾ ತುಂಬಾ ಹಂಚಿದ್ಲು. ನಾನಂತೂ ಒಂದು ಹತ್ತು ಜನಕ್ಕೆ ಬಿಟ್ರೆ ಯಾರಿಗೂ ಹೇಳಿಲ್ಲ.

ವಿಷ್ಯ ಏನಂದ್ರೆ, ಹನ್ನೆರಡನೇ ಒಲೆಯ ನಬುಕೀರ ಈಗ ಗಂಡಸು. ಬೀದಿ ಒಲೆಯೋರ ಸಂಘದ ಮೊಹರು ಬಿದ್ದಿದೆ.

ಅವಳ ಗಂಡ ಸೆಮಂಡ ಟ್ಯಾಕ್ಸಿ ನಿಲ್ದಾಣದ ಪಕ್ಕ ಕೋಳಿ ಸುಡ್ತಿದ್ನಲ್ಲ, ಬಾಡಿಗೆ ಬೈಕಿಂದ ಬಿದ್ದು ಬಲಗೈ ಮುರ್ಕೊಂಡ. ಏಳು ದಿನ ಒಲೆ ಉರೀದೇ ಇದ್ರೆ ಜಾಗ ಸಂಘಕ್ಕೆ. ಸಂಘ ಅಂದ್ರೆ ಅದರ ಅಧ್ಯಕ್ಷ, ಕಿಬಿರಿಗೆ ಅನ್ನೋನು. ಕಿಬಿರಿಗೆ ಅಂದ್ರೆ ಅವನ ಭಾಮೈದ. ಆ ಭಾಮೈದ ಮಾರನೇ ದಿನಾನೇ ಬಂದು ಹಗ್ಗ ಹಿಡಿದು ಜಾಗ ಅಳೆದ.

ನಬುಕೀರ ಸಂಘಕ್ಕೆ ಓಡಿ, ಎಲ್ಲಾ ಹೆಂಗಸರೂ ಗಂಡಸರಿಗೆ ನಮಸ್ಕರಿಸೋ ಹಂಗೆ ಮಂಡಿ ಊರಿದ್ಲು. "ಯಜಮಾನ್ರೇ, ನಾನೇ ಸುಡ್ತೀನಿ."

"ಹೆಂಗಸು ಬೇಯಿಸ್ಬೋದಮ್ಮ, ಸುಡೋ ಹಂಗಿಲ್ಲ," ಅಂದ ಕಿಬಿರಿಗೆ. "ಬೇಯಿಸೋದು ಮನೆಗೆಲ್ಸ, ಸುಡೋದು ವೃತ್ತಿ." ಒಂಬತ್ತನೇ ನಿಯಮ ಓದಿದ: "ಬೀದಿ ಒಲೆ ಹೊತ್ತಿಸುವವನು ಗಂಡಸಾಗಿರತಕ್ಕದ್ದು. ಇದನ್ನು ಉಲ್ಲಂಘಿಸಿ ಹೊತ್ತಿಸಿದ ಬೆಂಕಿಯಲ್ಲಿ ಸುಟ್ಟದ್ದನ್ನು ತಿಂದ ಸದಸ್ಯನ ಒಲೆಯನ್ನು ಒಂದು ವರ್ಷ ಮುಚ್ಚತಕ್ಕದ್ದು."

"ಸುಟ್ಟು ತೋರಿಸ್ತೀನಿ, ಪರೀಕ್ಷೆನಾದ್ರೂ ಮಾಡಿ."

ಪರೀಕ್ಷೆ ಅಂದ್ರೆ ಕೋಳಿ. ಸಮಿತಿಯ ಐದೂ ಮುಖ ಅರಳಿದ್ವು. ಏಳು ದಿನ ಹಿಂಗೇ ಕಳೀಲಿ ಅಂತ ಕಿಬಿರಿಗೆಯ ಲೆಕ್ಕಾಚಾರ. ಮೊದಲ ದಿನ ಕಾಲು ತಿಂದ್ರು, ಎರಡನೇ ದಿನ ಎದೆ, ಮೂರನೇ ದಿನ ಮೊದಲ ದಿನದ ಕಾಲಿನ ಬಗ್ಗೆ ಅನುಮಾನ ಬಂತು. ದಿನಾ ಸಂಘದ ಪುಸ್ತಕದಲ್ಲಿ ಬರೆದು ಐದೂ ಜನರ ಸಹಿ: "ಸಮಿತಿಯು ಹನ್ನೆರಡನೇ ಒಲೆಯಲ್ಲಿ ಕೋಳಿಯನ್ನು ಪರಿಶೀಲಿಸಿತು. ಮೂಳೆ ಉಳಿಯಿತು. ತೀರ್ಮಾನವನ್ನು ಮುಂದೂಡಲಾಗಿದೆ."

ಎಂಟನೇ ದಿನ ಭಾಮೈದ ತನ್ನ ಕಬ್ಬಿಣದ ಜಾಲರಿ ಹೊತ್ಕೊಂಡು ಬಂದ, ಹಿಂದೇನೇ ಕಿಬಿರಿಗೆ, ಇಡೀ ಸಮಿತಿ. ನಬುಕೀರ ಅವರ ಆ ಸಹಿ ಪುಸ್ತಕಾನೇ ತೆಗೆದು ತೋರಿಸಿದ್ಲು.

"ಒಲೆ ಒಂದಿನಾನೂ ತಣ್ಣಗಾಗಿಲ್ಲ ಯಜಮಾನ್ರೇ. ನಿಮ್ದೇ ಸಹಿ."

"ಹೊತ್ತಿಸಿದ್ದು ಹೆಂಗಸು! ಲೆಕ್ಕಕ್ಕಿಲ್ಲ!" ಅಂತ ಕೂಗಿದ ಕಿಬಿರಿಗೆ.

"ಹಂಗಾದ್ರೆ ಹೆಂಗಸಿನ ಬೆಂಕೀಲಿ ತಿಂದೋರು ಐದು ಜನ. ಐದು ಒಲೆ ಮುಚ್ಚಿ."

ಉಪಾಧ್ಯಕ್ಷ ಮೆಲ್ಲಗೆ ಪುಸ್ತಕ ಮುಚ್ಚಿ ಅಂದ: "ನಂಗೆ ಮೊದಲಿಂದ್ಲೂ ಇವರು ಗಂಡಸೇ ಅನ್ನಿಸ್ತಿತ್ತು."

ಸಂಜೆಗೆ ಪ್ರಕಟಣೆ ಅಂಟಿಸಿದ್ರು: "ಸದರಿ ನಬುಕೀರ ಎಂಬುವರನ್ನು ಕೆಂಡ ಹೊತ್ತಿದಾಗಿನಿಂದ ಆರುವವರೆಗೆ, ಹಿಂದಿನ ಏಳು ದಿನಗಳಿಗೂ ಅನ್ವಯಿಸುವಂತೆ, ಗಂಡಸೆಂದು ಪರಿಗಣಿಸಲಾಗಿದೆ."

ಮಾರನೇ ದಿನ ಕಿಬಿರಿಗೆ ಒಲೆ ಮುಂದೆ ನಿಂತು ನಮಸ್ಕಾರಕ್ಕೆ ಕಾದ. ಇವಳು ನಿಂತೇ ಇದ್ಲು. "ಗಂಡಸು ಗಂಡಸಿಗೆ ಮಂಡಿ ಊರ್ತಾನೇನ್ರೀ?" ಅಂದ್ಲು. ಕೋಳಿ ಹೊಟ್ಟೆಯ ಆ ಗಟ್ಟಿ ತುಂಡು ಗಂಡಂದಿರಿಗೇ ಮೀಸಲು ತಾನೇ? ಅದನ್ನ ಅವನ ಕಣ್ಣೆದುರೇ ಬಾಯಿಗೆ ಹಾಕ್ಕೊಂಡು ನಿಧಾನಕ್ಕೆ ಅಗಿದ್ಲು.

ಅದನ್ನ ನೋಡಿ, ತಾನೂ ಗಂಡಸಾಗ್ಬೇಕು ಅಂತ ಮೊದಲು ಅರ್ಜಿ ಹಾಕಿದೋಳು ಯಾರು ಗೊತ್ತಾ? ಕಿಬಿರಿಗೆಯ ಹೆಂಡ್ತಿ. ನಿಯಮ ಎಲ್ಲರಿಗೂ ಒಂದೇ ಅಲ್ವಾ, ಮೊಹರು ಒತ್ತಲೇಬೇಕಾಯ್ತು. ಈಗ ಸಂಘದಲ್ಲಿ ಹತ್ತೊಂಬತ್ತು ಗಂಡಸರು. ಅದರಲ್ಲಿ ಹದಿನಾಲ್ಕು ಜನ ಮಕ್ಕಳನ್ನ ಹೆತ್ತೋರು. ಸೆಮಂಡ ಎಡಗೈಲಿ ಬಾಳೆಕಾಯಿ ಸುಲೀತಾ ಕೂತಿರ್ತಾನೆ. ಅವನನ್ನ ಏನಂತ ಪರಿಗಣಿಸ್ಬೇಕು ಅಂತ ಸಮಿತಿ ಕೋಳಿ ತಿಂತಾ ಇನ್ನೂ ಯೋಚಿಸ್ತಿದೆ.

ಶ್! ಬಾಗಿಲಲ್ಲಿ ಯಾರೋ... ಅಯ್ಯೋ, ಕಿಬಿರಿಗೇನೇ! ನೀನು ಮಂಡಿ ಊರಕ್ಕ, ಬೇಗ. ನಾನ್ಯಾಕೆ ಊರ್ಲಿ? ಅಲ್ಲಿ ನೋಡು, ನನ್ನ ಒಲೆ ಇನ್ನೂ ಉರೀತಿದೆ. ಬನ್ನಿ ಬನ್ನಿ, ಈಗ್ತಾನೆ ನಿಮ್ಮನ್ನೇ ಹೊಗಳ್ತಾ ಇದ್ವಿ—