ಎರಡು ಮಿಂಚಿನ ನಡುವೆ ನನ್ನ ನೌಕರಿ

ನನ್ನ ಎದೆ ಢವಢವ ಅನ್ನುವ ದಿನವನ್ನೇ ನೋಡಿಕೊಂಡು ಇಂಥವು ನಡೆಯುತ್ತವೆ. ಏಕೀಕರಣವಾದ ಹೊಸತು. ಗದಗಿನ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ನಾನು ಹಂಗಾಮಿ ಸಹಾಯಕ. ಮುಂಬಯಿ ಸರಕಾರದ ಕಾಲಕ್ಕೆ ಸಿಕ್ಕ ನೌಕರಿ ಹೊಸ ರಾಜ್ಯದಲ್ಲೂ ಉಳಿಯಬೇಕಾದರೆ, ತಪಾಸಣೆಗೆ ಬರುವ ಸಾಹೇಬರ ಮುಂದೆ ನಾನು ಕಟ್ಟಿದ ಯಂತ್ರ ಸರಿಯಾಗಿ ನಡೆಯಬೇಕಿತ್ತು. ಬೆಳಕು ಒಮ್ಮೆ ಮಿಂಚಿದರೆ ಅದರ ಎಣಿಕೆಯ ಚಕ್ರ ಸೆಕೆಂಡಿಗೆ ಹತ್ತರಂತೆ ಓಡಬೇಕು, ಇನ್ನೊಮ್ಮೆ ಮಿಂಚಿದರೆ ನಿಲ್ಲಬೇಕು. ನಡುವಿನ ಸಮಯ ಎಷ್ಟೆಂದು ಚಕ್ರದ ಮೇಲೆ ಓದಿಕೊಳ್ಳಬೇಕು. ಇಷ್ಟೇ. ಇಷ್ಟಕ್ಕೇ ನಾನು ಊಟ ಬಿಟ್ಟಿದ್ದೆ.

೧. ವಿಭೂತಿ

ಬೆಳಕನ್ನು ಗುರುತಿಸುವ ಫೋಟೋಸೆಲ್ಲನ್ನು ಬೆಟಗೇರಿಯ ಟೆಂಟ್ ಸಿನಿಮಾದಿಂದ ಕಡ ತಂದಿದ್ದೆ. ಒಂದು ಮುಂಜಾನೆ ದೀಪ ಹಚ್ಚಿದರೂ ಚಕ್ರ ಅಲುಗಲಿಲ್ಲ. ತಂತಿ ಬಿಚ್ಚಿದೆ, ಕಟ್ಟಿದೆ, ರೇಡಿಯೋದಲ್ಲಿರುವಂಥ ಗಾಜಿನ ವಾಲ್ವು ಬದಲಿಸಿದೆ. ಬೆವರು ಒರೆಸಿಕೊಂಡು ಬಗ್ಗಿ ನೋಡಿದರೆ, ಸೆಲ್ಲಿನ ಗಾಜಿನ ತುಂಬ ಮೂರು ಬೆರಳಿನ ವಿಭೂತಿ!

ನಮ್ಮ ಕಾಲೇಜಿನ ಮುದುಕ ಸಿಪಾಯಿ ಕೈಕಟ್ಟಿ ನಿಂತಿದ್ದ.

“ಇದು ಯಂತ್ರದ ಕಣ್ಣು ಅಂತ ನೀವ ಅಂದ್ರೆಲ್ರಿ. ಕಣ್ಣಿದ್ದಲ್ಲಿ ಹಣಿ ಇರಬೇಕಲ್ಲ? ಬೋಳ ಹಣಿ ಹೆಂಗ ಬಿಡ್ಲಿ?”

ಸಿಟ್ಟಿನಿಂದ ಒರೆಸಿದೆ. ಚಕ್ರ ಟಕಟಕ ಓಡಿತು.

“ನೋಡ್ರಿ,” ಅಂದ, “ಹಚ್ಚಿದ್ದಕ್ಕ ಗುಣ ಬಂತು.”

೨. ಮಾತಿಲ್ಲದ ಟಾಕಿ

ರೀಲಿನ ಅಂಚಿನ ಧ್ವನಿಗೆರೆಯನ್ನು ಓದುವ ಆ ಸೆಲ್ಲಿಲ್ಲದೆ ಸಿನಿಮಾಕ್ಕೆ ಮಾತು ಬರುವುದಿಲ್ಲ. ಹಾಗಾಗಿ ದಿನಾ ಸಂಜೆ ಆಟಕ್ಕೆ ಮೊದಲು ಮರಳಿಸಬೇಕು. ತಪಾಸಣೆಯ ಹಿಂದಿನ ದಿನ ಚಿಂತೆಯಲ್ಲಿ ಮರೆತೇಬಿಟ್ಟೆ. ಇವತ್ತು ಪೆಟ್ಟು ತಿನ್ನುವುದು ಖಾತ್ರಿ ಅಂದುಕೊಂಡು ಏದುಸಿರು ಬಿಡುತ್ತ ಓಡಿದೆ. ಟೆಂಟಿನೊಳಗೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಸಿನಿಮಾ ಯಂತ್ರ ನಡೆಸುವ ಚಾಚಾ ಪರದೆಯ ಪಕ್ಕ ನಿಂತು, ಹಿಂದಿ ನಾಯಕಿಯ ಅಳುವಿಗೆ ತನ್ನ ಬಾಯಿ ಕೊಟ್ಟಿದ್ದ: “ಹೋಗಬ್ಯಾಡ್ರಿ! ರೊಟ್ಟಿ ಆರಿ ಹೊಂಟಾವು!”

“ಚಾಚಾ, ತಪ್ಪಾತು,” ಅಂತ ಕಿಸೆಯಿಂದ ಸೆಲ್ ಹೊರತೆಗೆದೆ.

“ಜಲ್ದಿ ಕಿಸೆದಾಗ ಇಡ್ರಿ, ಮಂದಿ ನೋಡ್ಯಾರು! ಇಷ್ಟು ವರ್ಷಕ್ಕ ಇವತ್ತ ಅವರಿಗೆ ಕಥಿ ತಿಳದೈತಿ.”

೩. ಅಲುಗಾಡಬ್ಯಾಡ್ರಿ

ಮರುದಿನ ಬಂದ ಸಾಹೇಬರು ಮೈಸೂರು ಕಡೆಯವರು. ಹುಬ್ಬಳ್ಳಿ ರೈಲು ಹಿಡಿಯುವ ಅವಸರಕ್ಕೆ ಕೈಯಲ್ಲಿ ಗಡಿಯಾರ ಹಿಡಿದೇ ನಿಂತಿದ್ದರು. ಪ್ರಿನ್ಸಿಪಾಲರಿಗೆ ಮೊದಲು ಫೋಟೋ ಆಗಬೇಕು. ಫೋಟೋದವನು ನನ್ನ ಯಂತ್ರದ ದೀಪ ಆರಿಸಲು ಹೇಳಿದ. ಆರಿಸಿದೆ. ಯಂತ್ರವನ್ನು ನಿಲ್ಲಿಸಲು ಮರೆತೆ.

ಅವನ ಫ್ಲ್ಯಾಶ್ ಬಲ್ಬು ಫಳಕ್ಕನೆ ಮಿಂಚಿತು. ನನ್ನ ಬೆನ್ನ ಹಿಂದೆ ಟಕಟಕ ಶುರು.

“ಯಾರೂ ಅಲುಗಾಡಬ್ಯಾಡ್ರಿ, ಇನ್ನೊಂದು ತಗೀತೇನಿ!”

ಅವನು ಒಂದೇ ಮಿಂಚಿಗೆ ಸುಟ್ಟುಹೋದ ಬಿಸಿ ಬಲ್ಬಿಗೆ ಉಫ್ ಉಫ್ ಎಂದು ಊದಿದ. ಕರವಸ್ತ್ರ ಸುತ್ತಿ ಬಿಚ್ಚಿದ. ಚೀಲದಲ್ಲಿ ಹೊಸದನ್ನು ತಡಕಾಡಿದ. ಚಕ್ರ ಓಡುತ್ತಲೇ ಇತ್ತು. ಆಯಿತು, ನಾಳೆಯಿಂದ ಮನೆಯೇ ಗತಿ ಅಂದುಕೊಂಡೆ. ಮತ್ತೆ ಫಳಕ್. ಟಕಟಕ ನಿಂತಿತು.

“ಏನ್ರೀ, ನಲವತ್ತೊಂದು ಸೆಕೆಂಡು ನಿಲ್ಲಿಸಿದಿರಲ್ಲ! ನನ್ನ ರೈಲು ತಪ್ಪಿಸ್ತೀರಾ?” ಎಂದು ರೇಗಿದ ಸಾಹೇಬರು ತಿರುಗಿ ಚಕ್ರ ನೋಡಿದರು. ನಾನೂರಾ ಹತ್ತು, ಸೆಕೆಂಡಿಗೆ ಸರಿಯಾಗಿ ಹತ್ತು! ಗಡಿಯಾರ ನೋಡಿದರು, ನನ್ನನ್ನು ನೋಡಿದರು. “ಇನ್ನೇನು ಪರೀಕ್ಷೆ ಬೇಕು?” ಎಂದು ನನ್ನ ನೌಕರಿಯ ಕಾಗದಕ್ಕೆ ಸಹಿ ಹಾಕಿದರು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಫೋಟೋದವನು ತಲೆ ಕೆರೆದುಕೊಂಡ. “ಸರ, ಎರಡೂ ಸಲ ಕ್ಯಾಮರಾದ ಮುಚ್ಚಳ ತಗದಿಲ್ರಿ. ಇನ್ನೊಮ್ಮೆ ನಿಂದರ್ರಿ.”

ಸಾಹೇಬರು ಸ್ಟೇಷನ್ನಿನ ಕಡೆ ಓಡಿದರು, ಮತ್ತೆ ಮಿಂಚುವ ಮೊದಲೇ ನಾನು ಯಂತ್ರದ ತಂತಿ ಕೀಳಲು ಓಡಿದೆ.