ನೋಂದಾಯಿತ ತೂತು

ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕೂತು ಇತರರ ಬರಹಕ್ಕೆ ಕತ್ತರಿ ಹಾಕಿದವನಿಗೂ ಸ್ವಂತ ಮನೆಯಲ್ಲಿ ಒಂದು ಬದನೆಕಾಯಿ ಕೊಯ್ಯುವ ಅಧಿಕಾರ ಇರುವುದಿಲ್ಲ. ಇದು ತಿಳಿಯದೆ, ನಾನು ನಿವೃತ್ತನಾದ ದಿನ ಸಹೋದ್ಯೋಗಿಗಳು ಒಂದು ವಿದೇಶಿ ಅಡುಗೆ ಚಾಕುವನ್ನು ಉಡುಗೊರೆ ಕೊಟ್ಟರು. ಅಲಗಿನಲ್ಲಿ, ಹಿಡಿಯ ಹತ್ತಿರ, ದುಂಡನೆಯ ಒಂದು ತೂತು. ಜೊತೆಗಿದ್ದ ಪುಸ್ತಿಕೆಯನ್ನು ಪ್ರೂಫ್ ನೋಡುವವನಂತೆ ಓದಿದೆ. ಆ ತೂತು ಕಂಪನಿಯ ನೋಂದಾಯಿತ ಟ್ರೇಡ್‌ಮಾರ್ಕ್. ಬೇರೆಯವರು ತಮ್ಮ ಚಾಕುವಿಗೆ ಅಂಥದ್ದನ್ನು ಕೊರೆಯುವಂತಿಲ್ಲ. ಉಕ್ಕು ಇರುವ ಜಾಗವನ್ನು ಬಿಟ್ಟು ಇಲ್ಲದ ಜಾಗಕ್ಕೆ ಹಕ್ಕು ಸ್ಥಾಪಿಸಿದ್ದರು. ಮುಂಬೈಯಲ್ಲಿ ಖಾಲಿ ಜಾಗದ ಬೆಲೆ ಬಲ್ಲ ನನಗೆ ಇದು ಸಹಜವಾಗಿಯೇ ಕಂಡಿತು.

ಗೋರೆಗಾಂವ್‌ನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ವರ್ಷಕ್ಕೊಮ್ಮೆ ಸತ್ಯನಾರಾಯಣ ಪೂಜೆ. ತರಕಾರಿ ಹೆಚ್ಚಲು ಪ್ರತಿ ಮನೆಯಿಂದ ಒಂದು ಚಾಕು ಹೋಗಬೇಕು. ಅದಲುಬದಲಾಗದಿರಲೆಂದು ಹಿಡಿಯ ಮೇಲೆ ಉಗುರುಬಣ್ಣದ ಚುಕ್ಕೆ ಇಡುವುದು ರೂಢಿ. ಒಂದೊಂದು ಮನೆಗೆ ಒಂದೊಂದು ಬಣ್ಣ, ನಮ್ಮದು ಕೆಂಪು. ಉಡುಪಿಯವಳಾದ ನನ್ನ ಹೆಂಡತಿ ಸುಮತಿ ಸೀಸೆ ತೆರೆದಾಗ ನಾನು ಅಡ್ಡ ಬಂದೆ.

“ಇಷ್ಟು ಚಂದದ ಚಾಕುವಿಗೆ ಬೊಟ್ಟು ಇಡ್ತೀಯಾ? ತೂತೇ ಗುರುತು. ರಿಜಿಸ್ಟರ್ ಆಗಿದೆ.”

“ನಮ್ಮ ಸೊಸೈಟಿಯಲ್ಲಿ ಆಗಿದೆಯಾ ಮಾರಾಯ್ರೇ?” ಎಂದು ಸುಮತಿ ಸೀಸೆ ಮುಚ್ಚಿದಳು.

ಹೆಚ್ಚುವ ಕೆಲಸ ಮುಗಿದ ಮೇಲೆ ಚಾಕು ತರಲು ನಾನೇ ಹೋದೆ. ಚಾಕುಗಳನ್ನು ತೊಳೆದಿಟ್ಟಿದ್ದ ಅಗಲವಾದ ಪರಾತದಲ್ಲಿ ತೂತಿನವು ನಾಲ್ಕಿದ್ದವು!

“ಮಲಾಡ್ ಸ್ಟೇಷನ್ ಹೊರಗ ಇಂಥಾವ ರಾಶಿ ಹಾಕ್ಯಾರ್ರಿ ಅಣ್ಣಾರ,” ಎಂದರು ಮೂರನೇ ಮಹಡಿಯ ವಿಜಯಪುರದ ಶಾಂತಕ್ಕ. “ತೂತ ಇದ್ರ ಮೊಳಿಗೆ ತೂಗಿ ಹಾಕಾಕ ಚಲೋ ಆಗ್ತೈತಿ.”

ಒಂದೇ ಮೂಲದ ಸುದ್ದಿಯನ್ನು ಎಂದೂ ಅಚ್ಚಿಗೆ ಕಳಿಸದವನು ನಾನು. ನಾಲ್ಕನ್ನೂ ಬೆಳಕಿಗೆ ಹಿಡಿದು, ತೂತುಗಳಲ್ಲಿ ಕಿರುಬೆರಳು ತೂರಿಸಿ, ಎಲ್ಲಕ್ಕಿಂತ ದುಂಡಗಿದ್ದ ಒಂದನ್ನು “ಇದೇ ಅಸಲಿ” ಎಂದು ಘೋಷಿಸಿದೆ. ನೆರೆದ ಹೆಂಗಸರಿಗೆ ಟ್ರೇಡ್‌ಮಾರ್ಕ್ ಕಾಯಿದೆಯನ್ನು ವಿವರಿಸಿಯೇ ಮನೆಗೆ ಬಂದೆ.

ಮರುದಿನ ಆ ಅಸಲಿ ಚಾಕು ಟೊಮೆಟೊವನ್ನು ಕೊಯ್ಯದೆ ಹಿಚುಕಿತು. ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಶಾಂತಕ್ಕ, ಕೈಯಲ್ಲಿ ಇನ್ನೊಂದು ಚಾಕು. ಅದರ ಹಿಡಿಯ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ. ಸುಮತಿ ನನ್ನ ಬೆನ್ನ ಹಿಂದೆ ಸೀಸೆಯನ್ನು ಮತ್ತೆ ತೆರೆದಿದ್ದಳು. ನಾನು ತಂದದ್ದನ್ನು ಮಗುಚಿ ನೋಡಿದೆ: ಶಾಂತಕ್ಕನ ಮನೆಯ ಹಸಿರು ಚುಕ್ಕೆ. ತೂತು ನೋಡುವ ಭರದಲ್ಲಿ ಹಿಡಿಯನ್ನು ನೋಡಿರಲೇ ಇಲ್ಲ.

“ನಿನ್ನೆಯೇ ಹೇಳಬಾರದಿತ್ತೇ?” ಎಂದೆ.

“ಭಾಷಣ ನಡೆಸಿದ್ರಲ್ರಿ ಅಣ್ಣಾರ. ದೊಡ್ಡವ್ರು ಮಾತಾಡುವಾಗ ನಡುವ ಬಾಯಿ ಹಾಕೋದು ಹೆಂಗ?”

ಅಂದಿನಿಂದ ಒಂದು ಸಂಗತಿ ಕೊರೆಯುತ್ತಿದೆ. ಚಾಕು ಉಡುಗೊರೆ ಕೊಟ್ಟ ದಿನ ಸುದ್ದಿಮನೆಯಲ್ಲಿ ನಾನು ಮುಕ್ಕಾಲು ಗಂಟೆ ಮಾತಾಡಿದ್ದೆ. ಅಲ್ಲಿಯೂ ಯಾರೂ ನಡುವೆ ಬಾಯಿ ಹಾಕಿರಲಿಲ್ಲ.